ಪ್ರಾಧ್ಯಾಪಕರ ಗಂಟೆಗಳು, ಹೊರನಾಡ ಕನ್ನಡ ವಿಭಾಗಗಳು

ವಿಶ್ವವಿದ್ಯಾಲಯದ ಮೇಷ್ಟ್ರುಗಳಿಗೆ ವಾರಕ್ಕೆ 16 ಗಂಟೆ ಮಾತ್ರ ಕೆಲಸ ಎಂಬ ಮಾತು ನಮ್ಮ ಸಂಘಗಳ ಸಭೆಗಳಲ್ಲೂ ಕೇಳಿಬರುತ್ತದೆ. ಬ್ಯಾಂಕಿನವರ ಬಗ್ಗೆಯೂ ಜನ ಹೀಗೆಯೇ ಹೇಳುತ್ತಾರೆ. ಕೌಂಟರ್ ಮುಚ್ಚಿದ ಮೇಲೆ ಒಳಗೆ ನಡೆಯುವ ಲೆಕ್ಕ ಅವರಿಗೆ ಕಾಣುವುದಿಲ್ಲ.

ಯುಜಿಸಿಯ 2018ರ ನಿಯಮಾವಳಿಯಂತೆ ಪೂರ್ಣಾವಧಿ ಅಧ್ಯಾಪಕರ ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆ ಇರಬಾರದು. ಅದರಲ್ಲಿ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಮೇಲಿನ ಇಬ್ಬರಿಗೂ 14. ಪಾಠದ ತಯಾರಿ, ಉತ್ತರ ಪತ್ರಿಕೆ, ಪಿಎಚ್‌.ಡಿ. ವಿದ್ಯಾರ್ಥಿಯ ಕರಡು ತಿದ್ದುವುದು ಎಲ್ಲವೂ ಉಳಿದ ಗಂಟೆಗಳಲ್ಲಿ. ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ನಮ್ಮಂಥವರಿಗೆ ಗೈಡ್ ಎಂದರೆ ಪರೀಕ್ಷೆಗೆ ಮೊದಲು ಕೊಳ್ಳುವ ಪುಸ್ತಕ. ಪಿಎಚ್‌.ಡಿ. ಗೈಡ್ ಹಾಗಲ್ಲ, ಕನಿಷ್ಠ 3 ವರ್ಷ, ಕೆಲವೊಮ್ಮೆ 6 ವರ್ಷದ ಜವಾಬ್ದಾರಿ.

ಹುದ್ದೆಗಳ ಸಂಖ್ಯೆಯೂ ಈ ಗಂಟೆಗಳಿಂದಲೇ ನಿರ್ಧಾರವಾಗುತ್ತದೆ. ವಿಭಾಗವೊಂದರಲ್ಲಿ ವಾರಕ್ಕೆ 48 ಗಂಟೆ ಪಾಠವಿದೆ ಎನ್ನಿ. ತಲಾ 16ರಂತೆ ಮೂವರು ಬೇಕು. ತಲಾ 24 ಎಂದರೆ ಇಬ್ಬರೇ ಸಾಕು. 2016ರ ಮೇ ತಿಂಗಳಲ್ಲಿ ಯುಜಿಸಿ 18 ಗಂಟೆ ಪಾಠ, 6 ಗಂಟೆ ಟ್ಯುಟೋರಿಯಲ್ ಎಂದು ತಿದ್ದುಪಡಿ ತಂದಾಗ ದೆಹಲಿಯ ಅಧ್ಯಾಪಕರು ಮೌಲ್ಯಮಾಪನ ಬಹಿಷ್ಕರಿಸಿದ್ದು ಹುದ್ದೆಗಳು ಕರಗುತ್ತವೆಂಬ ಭಯದಿಂದ. ಆ ಏರಿಕೆಯನ್ನು ಕೈಬಿಡಲಾಯಿತು.

ಹುದ್ದೆ ಕರಗಿದರೆ ಸಂಶೋಧನೆಯ ಸೀಟೂ ಕರಗುತ್ತದೆ. 2022ರ ಪಿಎಚ್‌.ಡಿ. ನಿಯಮದ ಪ್ರಕಾರ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾರ್ಗದರ್ಶನ ನೀಡಬಹುದು (ವಿದೇಶಿ ವಿದ್ಯಾರ್ಥಿಗಳ ಮಾತು ಬೇರೆ). ಮಿತಿ ಒಳ್ಳೆಯದೇ, ಇಪ್ಪತ್ತು ಮಂದಿಯನ್ನು ಹೊತ್ತ ಗೈಡ್ ಯಾರ ಪ್ರಬಂಧವನ್ನೂ ಓದಲಾರ. ಆದರೆ ಗೈಡ್ ಕಾಯಂ ಅಧ್ಯಾಪಕರೇ ಆಗಿರಬೇಕು. ಅತಿಥಿ ಉಪನ್ಯಾಸಕ ಎಷ್ಟೇ ವಿದ್ವಾಂಸನಾದರೂ ಸಲ್ಲದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ದೊಡ್ಡ ವಿಭಾಗಕ್ಕೆ ಇದು ಸಣ್ಣ ಪೆಟ್ಟು. ಕಲೀನಾದಲ್ಲಿರುವ ಮುಂಬಯಿ ವಿ.ವಿ.ಯ ಕನ್ನಡ ವಿಭಾಗ, ಮದ್ರಾಸ್ ವಿ.ವಿ.ಯ ಕನ್ನಡ ವಿಭಾಗದಂಥವು ಬೆರಳೆಣಿಕೆಯ ಅಧ್ಯಾಪಕರ ಮೇಲೆ ನಿಂತವು. ಅಲ್ಲಿ ಒಬ್ಬ ಪ್ರಾಧ್ಯಾಪಕರು ನಿವೃತ್ತರಾಗಿ ಹುದ್ದೆ ಖಾಲಿ ಬಿದ್ದರೆ 8 ಸೀಟು ಹೋದಂತೆ. ಅವರಲ್ಲಿ ಹೊಸ ಪ್ರವೇಶ ನಿಲ್ಲುವುದಂತೂ 3 ವರ್ಷ ಮೊದಲೇ. ಮುಂಬಯಿ ಕನ್ನಡಿಗರ ರಾತ್ರಿಶಾಲೆ, ಹೋಟೆಲು, ನಾಟಕ, ಯಕ್ಷಗಾನ ಮಂಡಳಿಗಳ ಬಗ್ಗೆ ಇಲ್ಲಿ ಕೂತು ಬರೆಯುವವರು ಯಾರು?

ನಿವೃತ್ತಿಯ ದಿನ ನಮ್ಮ ಸಂಘಗಳು ಶಾಲು, ಹಣ್ಣಿನ ಬುಟ್ಟಿ ಹಿಡಿದು ತಪ್ಪದೆ ಹೋಗುತ್ತವೆ. ಹುದ್ದೆಗೆ ಜಾಹೀರಾತು ಯಾವಾಗ ಎಂದು ಕುಲಪತಿಗಳಿಗೆ ಪತ್ರ ಬರೆಯಬೇಕಾದದ್ದು ಅದಕ್ಕೆ ಮೂರು ವರ್ಷ ಮೊದಲು, ಎಲ್ಲ ಸಂಘಗಳ ಸಹಿಯೊಂದಿಗೆ.