ಚಿಗಳಿ ಬೇಕೆಂದರೆ ಎಳ್ಳು ಬಿತ್ತಬೇಕು



ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಾಗಲಿ, ಬೇಲೂರಿನ ತೇರಿನಲ್ಲಾಗಲಿ, ನಲವತ್ತು ದಾಟಿದ ನಾಲ್ಕು ಜನ ಸೇರಿದರೆ ಮಾತು ಒಂದೇ ಕಡೆಗೆ ತಿರುಗುತ್ತದೆ. ಆಗಿನ ಚಿಗಳಿ, ತಂಬಿಟ್ಟು ಎಲ್ಲಿ? ಕೋಲಾಟದ ಪದ ಎಲ್ಲಿ? ಮೇದರು ಹೆಣೆದ ಮೊರ ಎಲ್ಲಿ? ನನ್ನ ಬಾಲ್ಯವೂ ಇವುಗಳಲ್ಲೇ ಕಳೆಯಿತು. ಆದರೆ ನಿಟ್ಟುಸಿರಿನಿಂದ ಯಾವ ಬೆಳೆಯೂ ಬರುವುದಿಲ್ಲ. ಇವು ಏಕೆ ಹೋದವು ಎಂಬುದಕ್ಕೆ ಉತ್ತರ ನಮ್ಮ ಹೊಲದಲ್ಲೇ ಇದೆ.

ಪೂರ್ವ ಮುಂಗಾರಿನ ಮಳೆಗೆ ಎಳ್ಳು ಬಿತ್ತುವುದು ನಮ್ಮ ಕಡೆಯ ಹಳೆಯ ಪದ್ಧತಿ. ಶ್ರಾವಣದ ಹೊತ್ತಿಗೆ ಹೊಸ ಎಳ್ಳು ಮನೆಗೆ ಬರುತ್ತಿತ್ತು, ನಾಗರ ಪಂಚಮಿಗೆ ಚಿಗಳಿ ಆಗುತ್ತಿತ್ತು. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇರುತ್ತಿತ್ತು. ಆ ಬೀಜ ಬಿಡಲು ಕೂರಿಗೆಯ ಹಿಂದೆ ಬಿದಿರಿನ ಸಡ್ಡೆ ಬೇಕು. ಕೂರಿಗೆಗೆ ಬಡಗಿ, ಅದರ ಕುಳಕ್ಕೆ ಕಮ್ಮಾರ, ಮೊರ-ಮಂಕರಿಗೆ ಮೇದರು, ಹಗ್ಗಕ್ಕೆ ಕತ್ತಾಳೆ ನಾರು. ಹೊಲಕ್ಕೆ ಜೋಳ, ಶುಂಠಿ ಬಂದ ಮೇಲೆ ಅಕ್ಕಡಿ ಹೋಯಿತು. ಅಕ್ಕಡಿಯ ಹಿಂದೆ ಕೂರಿಗೆ, ಕೂರಿಗೆಯ ಹಿಂದೆ ಬಡಗಿ. ಕಣವೂ ಹೋಗಿ, ಈಗ ಎಷ್ಟೋ ಊರಲ್ಲಿ ರಾಗಿ ತೆನೆಯನ್ನು ಡಾಂಬರು ರಸ್ತೆಗೆ ಹರಡುತ್ತೇವೆ. ಲಾರಿ ಓಡಾಡುವಲ್ಲಿ ರಾಶಿಯ ಪದ ಹಾಡುವವರು ಯಾರು?

ಆದರೆ ಒಂದು ಮಾತು ತಿಳಿದಿರಲಿ. ಕಳೆದುಹೋದದ್ದೆಲ್ಲ ಒಳ್ಳೆಯದೇ ಆಗಿರಲಿಲ್ಲ. ಬೀಸುವ ಕಲ್ಲಿನ ಪದ ಕೇಳಲು ಇಂಪು. ಆದರೆ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸಿದವರ ರಟ್ಟೆಯ ನೋವು ಪದದ ಹಿಂದಿತ್ತು. ಹಿಟ್ಟಿನ ಗಿರಣಿ ಬಂದದ್ದು ಹೆಣ್ಣುಮಕ್ಕಳಿಗೆ ಉಪಕಾರವೇ. ಕಣದಲ್ಲಿ ಆಯ ಪಡೆದು ವರ್ಷವಿಡೀ ದುಡಿದ ಕುಶಲಕರ್ಮಿಗೆ ಕೂಲಿ ಕೇಳುವ ಬಾಯಿ ಇರಲಿಲ್ಲ. ತಮಟೆ ಬಾರಿಸಿದವರನ್ನು ದೇವಸ್ಥಾನದ ಹೊರಗೇ ನಿಲ್ಲಿಸಿದ್ದೂ ಉಂಟು. ಅವರ ಮಕ್ಕಳು ಆ ಕಸುಬು ಬಿಟ್ಟರೆ ದೂರುವ ಹಕ್ಕು ನಮಗಿಲ್ಲ. ಕಸುಬು ಉಳಿಯಬೇಕು ಎನ್ನುವವರು ಮೊದಲು ಮರ್ಯಾದೆ ಕೊಡಲಿ, ಆಮೇಲೆ ಪೂರ್ತಿ ಕೂಲಿ ಕೊಡಲಿ.

ಹಾಗಾದರೆ ಈಗ ಮಾಡಬಹುದಾದದ್ದೇನು?

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕುವುದು ಇಂದಿಗೂ ಒಳ್ಳೆಯ ಬೇಸಾಯವೇ. ಹೊಲದ ಅಂಚಿಗೆ ಹುಚ್ಚೆಳ್ಳು ಹಾಕಿರಿ. ದನ ಅದಕ್ಕೆ ಬಾಯಿ ಹಾಕುವುದಿಲ್ಲ. ಹೂವಿಗೆ ಜೇನು ಬರುತ್ತದೆ. ಮನೆಗೆ ಚಟ್ನಿಪುಡಿ ಆಗುತ್ತದೆ. ಮೊದಲ ಮಳೆಗೆ ಹತ್ತು ಗುಂಟೆ ಎಳ್ಳು ಬಿತ್ತಿದರೂ ಹಬ್ಬಕ್ಕೆ ಸಾಕಾಗಿ ಮಿಗುತ್ತದೆ. ಬದುವಿನಲ್ಲಿ ಒಂದು ಮೆಳೆ ಬಿದಿರು ಇರಲಿ.

ಎರಡನೆಯದು ಮಾರಾಟ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೂರದಿಂದ ಬರುವವರು ಬಳಪದ ಕಲ್ಲಿನಲ್ಲಿ ಕೆತ್ತಿದ ಮದ್ದಳೆಯವರನ್ನು, ನರ್ತಕಿಯರನ್ನು ನೋಡಿ, ಪೊಟ್ಟಣದ ಬಿಸ್ಕತ್ತು ತಿಂದು ಹಿಂದಿರುಗುತ್ತಾರೆ. ಕೊಬ್ಬರಿ ನಮ್ಮದು, ಬೆಲ್ಲ ನಮ್ಮದು, ಎಳ್ಳು ನಮ್ಮದಾಗಬಹುದು. ಸ್ತ್ರೀಶಕ್ತಿ ಸಂಘದವರು ಕೊಬ್ಬರಿ ಮಿಠಾಯಿಯನ್ನೂ ಚಿಗಳಿಯನ್ನೂ ಶುಚಿಯಾಗಿ ಕಟ್ಟಿ, ಬೆಲೆ ಬರೆದು, ದೇವಸ್ಥಾನದ ಬೀದಿಯಲ್ಲಿಟ್ಟರೆ ಕೊಳ್ಳುವವರು ಸಿಗುತ್ತಾರೆ. ಬಿಡಿ ಕೊಬ್ಬರಿಯ ಧಾರಣೆ ಕುಸಿದ ವರ್ಷ ಇದೊಂದು ಆಸರೆ.

ಮೂರನೆಯದಕ್ಕೆ ಕಾಸು ಬೇಡ. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಜನಪದ ಗೀತೆಗಳನ್ನು ಸಂಗ್ರಹಿಸಿ ‘ಹಳ್ಳಿಯ ಹಾಡುಗಳು’ ಎಂದು ಪ್ರಕಟಿಸಿದರು. ನಿಮ್ಮೂರಿನ ಪದಗಳನ್ನು ಬರೆದುಕೊಂಡವರು ಯಾರಾದರೂ ಇದ್ದಾರೆಯೇ? ನಾಟಿಯ ಪದ, ಸೋಬಾನೆ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ, ಆದರೆ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಈ ಪತ್ರಿಕೆ ಓದುತ್ತಿರುವ ವಾಚನಾಲಯದಲ್ಲೇ ಒಂದು ನೂರು ಪುಟದ ಪುಸ್ತಕ ಇಡಿ. ಶಾಲೆಯ ಮಕ್ಕಳು ವಾರಕ್ಕೊಂದು ಪದ ಕೇಳಿ ಬರೆಯಲಿ, ಹಾಡಿದವರ ಹೆಸರನ್ನೂ ಬರೆಯಲಿ. ಬಿತ್ತನೆ ಬೀಜವನ್ನು ಮುಂದಿನ ವರ್ಷಕ್ಕೆ ಜೋಪಾನ ಮಾಡುವವರು ನಾವು. ಪದಗಳನ್ನೂ ಹಾಗೆಯೇ ಎತ್ತಿಡೋಣ.