ಶಾಲೆಯ ಹೊಸ ಉಪಕರಣಗಳೂ ಉಪಾಧ್ಯಾಯರ ಹಳೆಯ ಹವ್ಯಾಸಗಳೂ

2025ನೆಯ ಇಸವಿಯ ಅಕ್ಟೋಬರ 8ನೆಯ ತಾರೀಖಿನಿಂದ 18ನೆಯ ತಾರೀಖಿನವರೆಗೆ ಕರ್ನಾಟಕದ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ಸಾರಲಾಯಿತು. ನಾಡಹಬ್ಬದ ರಜೆಯು ಆಗಲೇ ಮುಗಿದಿತ್ತು. ಅತಿವೃಷ್ಟಿಯಾಗಲಿ ಅಂಟುಜಾಡ್ಯವಾಗಲಿ ಈ ಹೆಚ್ಚಿನ ರಜೆಗೆ ಕಾರಣವಾಗಿರಲಿಲ್ಲ. ಹಿಂದುಳಿದ ವರ್ಗಗಳ ಆಯೋಗವು ಸೆಪ್ಟೆಂಬರ 22ರಂದು ಪ್ರಾರಂಭಿಸಿದ್ದ ಸಾಮಾಜಿಕ ಹಾಗೂ ಶೈಕ್ಷಣಿಕ ಸಮೀಕ್ಷೆಯು ನಿಶ್ಚಯಿಸಿದ ಅವಧಿಯೊಳಗೆ ಮುಗಿಯಲಿಲ್ಲವೆಂಬುದೇ ಕಾರಣ. ಒಂದೂವರೆ ಲಕ್ಷಕ್ಕೆ ಮೀರಿದ ಗಣತಿದಾರರು, ಅವರಲ್ಲಿ ಬಹುತೇಕರು ಸರಕಾರಿ ಶಾಲೆಗಳ ಉಪಾಧ್ಯಾಯರು, ಕೈಯಲ್ಲಿ ಮೊಬೈಲ್ ಹಿಡಿದು ಮನೆಮನೆಯ ಬಾಗಿಲಲ್ಲಿ ನಿಂತರು. ಆ್ಯಪು ತೆರೆಯಲಿಲ್ಲ, ಒಟಿಪಿ ಬರಲಿಲ್ಲ, ನೆಟ್‌ವರ್ಕ್ ಸಿಗಲಿಲ್ಲ ಎಂಬ ದೂರುಗಳು ಆ ದಿನಗಳಲ್ಲಿ ನಾಡಿನ ಎಲ್ಲ ಮೂಲೆಗಳಿಂದಲೂ ಕೇಳಿಬಂದುವು. ಸಮೀಕ್ಷೆಯ ಉದ್ದೇಶದ ಬಗೆಗೆ ನಮ್ಮ ತಕರಾರು ಇಲ್ಲ. ಹಿಂದುಳಿದವರು ಯಾರೆಂದು ತಿಳಿಯದೆ ಅವರನ್ನು ಮುಂದೆ ತರುವುದು ಆಗದ ಮಾತು. ಆದರೆ ಹಿಂದುಳಿದವರ ಮಕ್ಕಳೇ ಹೆಚ್ಚಾಗಿ ಕಲಿಯುವ ಶಾಲೆಗಳನ್ನು ಮುಚ್ಚಿ ಅವರ ಲೆಕ್ಕ ತೆಗೆಯಬೇಕಾಯಿತೆಂಬ ವಿಪರೀತವನ್ನು ವಾಚಕರು ಗಮನಿಸದೆ ಇರಲಾರರು.

ಉಪಾಧ್ಯಾಯರ ಕೈಯಲ್ಲಿರುವ ಅದೇ ಮೊಬೈಲು ನಮ್ಮ ಶಾಲೆಗಳನ್ನು ಉದ್ಧಾರ ಮಾಡತಕ್ಕ ಸಾಧನವೆಂದು ಅಧಿಕಾರಿಗಳು ಬಹುಕಾಲದಿಂದ ಹೇಳುತ್ತ ಬಂದಿರುತ್ತಾರೆ. ಕೇಂದ್ರ ಸರಕಾರದ ‘ದೀಕ್ಷಾ’ ಜಾಲತಾಣವು 2017ರ ಸೆಪ್ಟೆಂಬರ 5ರಂದು, ಅಂದರೆ ಶಿಕ್ಷಕರ ದಿನದಂದೇ, ಪ್ರಾರಂಭವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಡಿಜಿಟಲ್ ಶಿಕ್ಷಣಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಮೂರನೆಯ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪರಿಚಯವನ್ನು 2026-27ನೆಯ ಸಾಲಿನಿಂದ ಮಾಡಿಕೊಡುವುದಾಗಿ ಕೇಂದ್ರ ಶಿಕ್ಷಣ ಇಲಾಖೆಯು 2025ರ ಅಕ್ಟೋಬರದಲ್ಲಿ ಸಾರಿತು. ಯುಡೈಸ್ ಪ್ಲಸ್ ವರದಿಯ ಪ್ರಕಾರ 2023-24ರಲ್ಲಿ ದೇಶದ ಶಾಲೆಗಳಲ್ಲಿ ಶೇಕಡಾ 57ರಷ್ಟಕ್ಕೆ ಕಂಪ್ಯೂಟರಿನ ಸೌಕರ್ಯವೂ ಶೇಕಡಾ 54ರಷ್ಟಕ್ಕೆ ಅಂತರ್ಜಾಲವೂ ಇದ್ದುವು. 2024-25ರಲ್ಲಿ ಈ ಅಂಕಿಗಳು ಕ್ರಮವಾಗಿ 64.7 ಮತ್ತು 63.5ಕ್ಕೆ ಏರಿದುವು. ಏರಿಕೆಯು ಸಂತೋಷದ ಸಂಗತಿಯೇ. ಆದರೆ ಯಂತ್ರವು ಶಾಲೆಗೆ ಬಂದ ಮೇಲೆ ಅದನ್ನು ಯಾರು, ಯಾವ ಉತ್ಸಾಹದಿಂದ, ದಿನದ ಯಾವ ಹೊತ್ತಿನಲ್ಲಿ ಮುಟ್ಟುವರು ಎಂಬ ಪ್ರಶ್ನೆಗೆ ಈ ವರದಿಗಳಲ್ಲಿ ಅಂಕಣವಿಲ್ಲ. ಮದುವೆಯ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತಂತೆ ಆಗಿದೆ.

ಉಪಾಧ್ಯಾಯನಿಗೆ ಮೊದಲು ಒಂದು ವಿಷಯದ ಮೇಲೆ ಪ್ರೀತಿ ಹುಟ್ಟಬೇಕು. ಉಪಕರಣವು ಆ ಪ್ರೀತಿಯ ಹಿಂದೆ ತಾನಾಗಿ ಬರುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಹಣವೂ ವ್ಯರ್ಥ, ಯಂತ್ರವೂ ವ್ಯರ್ಥ. ನಮ್ಮ ನಾಡಿನಲ್ಲಿ ಇದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ನಡೆಸತೊಡಗಿದರು. ಯಾವ ಇಲಾಖೆಯ ಸುತ್ತೋಲೆಯೂ ಅವರಿಗೆ ಅದನ್ನು ಹೇಳಿರಲಿಲ್ಲ. ‘ಆಕಾಶವಾಣಿ’ ಎಂಬ ಆ ಮನೆಯ ಕೇಂದ್ರದ ಹೆಸರೇ ಮುಂದೆ ಅಖಿಲ ಭಾರತದ ಬಾನುಲಿಗೂ ಹೆಸರಾಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು, ಗಿಡವನ್ನು ಗಿಡದ ಬುಡದಲ್ಲಿಯೇ ಕಲಿಸಿದರು. ಆ ಅಲೆದಾಟದಿಂದ ಹುಟ್ಟಿದ, ಅವರೇ ಚಿತ್ರ ಬರೆದ ‘ಹಸುರು ಹೊನ್ನು’ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಒಬ್ಬರ ಕೈಯಲ್ಲಿ ಪ್ರಸಾರಯಂತ್ರ, ಇನ್ನೊಬ್ಬರ ಕೈಯಲ್ಲಿ ಬರೆಯುವ ಲೇಖನಿ. ಉಪಕರಣದ ಬೆಲೆಯಲ್ಲಿ ಅಜಗಜಾಂತರವಿದ್ದರೂ ಪಾಠದ ಕಾವು ಒಂದೇ ಆಗಿತ್ತು.

ಇನ್ನು ನಮ್ಮ ಕಾಲದ್ದೇ ಆದ, ನಮ್ಮ ಗಡಿಯಾಚೆಗಿನದೇ ಆದ ಒಂದು ಸಂಗತಿಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಶಾಲೆಗೆ ರಣಜಿತಸಿಂಹ ಡಿಸಲೆಯವರು 2009ರಲ್ಲಿ ಬಂದಾಗ ಶಾಲೆಯ ಕಟ್ಟಡವು ದನದ ಕೊಟ್ಟಿಗೆ ಮತ್ತು ಉಗ್ರಾಣಗಳ ನಡುವೆ ಜೀರ್ಣವಾಗಿ ನಿಂತಿತ್ತು. ಕಲಿಯಲು ಬರುವ ಹುಡುಗಿಯರ ಮನೆಮಾತು ಕನ್ನಡ. ಪಠ್ಯಪುಸ್ತಕಗಳ ಭಾಷೆ ಬೇರೆ. ಆ ಉಪಾಧ್ಯಾಯರು ಶ್ರಮಪಟ್ಟು ಕನ್ನಡವನ್ನು ಕಲಿತು, ತರಗತಿಯ ಪುಸ್ತಕಗಳನ್ನು ಮಕ್ಕಳ ಮಾತಿಗೆ ತಿರುಗಿಸಿದರು. ಆಮೇಲೆ ಪುಸ್ತಕದ ಪುಟಗಳಲ್ಲಿ ಕ್ಯೂಆರ್ ಸಂಕೇತಗಳನ್ನು ಅಂಟಿಸಿ, ಮೊಬೈಲು ತೋರಿಸಿದೊಡನೆ ಪದ್ಯವು ಕೇಳುವಂತೆ, ಪಾಠವು ಕಾಣುವಂತೆ, ಕಥೆಯು ತೆರೆಯುವಂತೆ ಏರ್ಪಾಟು ಮಾಡಿದರು. 2020ರ ಡಿಸೆಂಬರದಲ್ಲಿ ಅವರಿಗೆ ಹತ್ತು ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿಯು ಬಂದಿತು. ಅದರಲ್ಲಿ ಅರ್ಧವನ್ನು ಅವರು ಕೊನೆಯ ಸುತ್ತಿನಲ್ಲಿ ತಮ್ಮೊಡನಿದ್ದ ಇತರ ಒಂಬತ್ತು ಮಂದಿ ಉಪಾಧ್ಯಾಯರಿಗೆ ಹಂಚಿಕೊಟ್ಟರು.

ಪ್ರಶಸ್ತಿಯ ಸುದ್ದಿಯಲ್ಲಿ ಹೆಚ್ಚಾಗಿ ಹೊಗಳಲ್ಪಟ್ಟದ್ದು ಸಂಕೇತದ ಚೌಕವೇ. ಅದನ್ನು ಅನುಕರಿಸುವುದು ಸುಲಭವಾಗಿತ್ತು. ಮಹಾರಾಷ್ಟ್ರ ಸರಕಾರವು ಅದನ್ನು ತನ್ನ ಪಠ್ಯಪುಸ್ತಕಗಳಿಗೆಲ್ಲ ಅನ್ವಯಿಸಿತು. ದೇಶದ ಇತರ ಪಠ್ಯಪುಸ್ತಕಗಳಲ್ಲಿಯೂ ಅದು ಕಾಣಿಸಿಕೊಂಡಿತು. ನಮ್ಮ ಮಕ್ಕಳ ಪುಸ್ತಕಗಳಲ್ಲಿಯೂ ಇದೆ. ಆದರೆ ಪರಿತೇವಾಡಿಯ ಸಂಕೇತದ ಹಿಂದೆ ಆ ಮಕ್ಕಳನ್ನು ಬಲ್ಲ ಒಬ್ಬ ಮನುಷ್ಯನಿದ್ದನು. ನಮ್ಮ ಪುಸ್ತಕದ ಸಂಕೇತದ ಹಿಂದೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಲಿದ ಅಂಗಿಯಿದೆ. ಬೀದರಿನ ಹುಡುಗನಿಗೂ ಸುಳ್ಯದ ಹುಡುಗಿಗೂ ಅದೇ ದೃಶ್ಯ, ಅದೇ ದನಿ. ಅಚ್ಚಿನ ಮನೆಯು ಚೌಕವನ್ನು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮುದ್ರಿಸಬಲ್ಲದು. ಮಕ್ಕಳಿಗೋಸ್ಕರ ಹೊಸ ಭಾಷೆಯೊಂದನ್ನು ಕಲಿತ ಉಪಾಧ್ಯಾಯನನ್ನು ಮುದ್ರಿಸಲಾರದು. ಗಡಿಯ ಜಗಳಗಳಲ್ಲಿ ಎರಡು ಕಡೆಯಲ್ಲಿಯೂ ಗಂಟಲು ಹರಿದುಕೊಳ್ಳುವವರು ಈ ಸಂಗತಿಯನ್ನು ಎಂದಾದರೂ ಎತ್ತಿ ಆಡಿದರೆ ನಮಗೆ ಸಂತೋಷವಾದೀತು.

ಹಾಗಾದರೆ ಇಂದಿನ ಉಪಕರಣಗಳಿಂದ ಹಳ್ಳಿಯ ಶಾಲೆಯಲ್ಲಿ ಆಗತಕ್ಕದ್ದೇನು? ಒಬ್ಬ ಉಪಾಧ್ಯಾಯನಿಗೆ ನಕ್ಷತ್ರಗಳ ಹುಚ್ಚು ಇದೆಯೆಂದು ಇಟ್ಟುಕೊಳ್ಳೋಣ. ಒಕ್ಕಲಿಗರ ಮಕ್ಕಳು ಮನೆಯಲ್ಲಿ ಆರಿದ್ರಾ ಮಳೆ, ಪುನರ್ವಸು ಮಳೆ ಎಂಬ ಮಾತುಗಳನ್ನು ಹುಟ್ಟಿದಾಗಿನಿಂದ ಕೇಳಿರುತ್ತಾರೆ. ಆರಿದ್ರಾ ಮಳೆ ಬೀಳುವ ಜೂನ್ ಕೊನೆಯಲ್ಲಿ ಮೋಡ ಸರಿದ ರಾತ್ರಿ ಆಕಾಶವನ್ನು ನೋಡಿದರೆ ಆರಿದ್ರಾ ನಕ್ಷತ್ರವು ಎಲ್ಲಿಯೂ ಕಾಣುವುದಿಲ್ಲ! ಹೆಸರಿನ ನಕ್ಷತ್ರವೇ ಇಲ್ಲದ ಮೇಲೆ ಮಳೆಗೆ ಆ ಹೆಸರು ಏತಕ್ಕೆ? ‘ಸ್ಟೆಲೇರಿಯಂ’ ಎಂಬ, ಹಣ ಕೊಡದೆ ದೊರೆಯುವ ತಂತ್ರಾಂಶದಲ್ಲಿ ತಮ್ಮ ಊರನ್ನೂ ಆ ತಾರೀಖನ್ನೂ ನಟ್ಟನಡು ಹಗಲನ್ನೂ ಕೊಟ್ಟು, ವಾತಾವರಣದ ಬೆಳಕನ್ನು ಆರಿಸಿಬಿಟ್ಟರೆ, ಹಗಲಿನ ಆಕಾಶದಲ್ಲಿ ಅಡಗಿದ್ದ ನಕ್ಷತ್ರಗಳೆಲ್ಲ ತೋರಿಬರುತ್ತವೆ. ಸೂರ್ಯನು ಆರಿದ್ರೆಯ ನೆರೆಯಲ್ಲಿಯೇ ನಿಂತಿರುವುದು ಕಾಣುತ್ತದೆ. ಮಳೆಯ ಹೆಸರು ರಾತ್ರಿಯ ನಕ್ಷತ್ರದ್ದಲ್ಲ, ಸೂರ್ಯನು ಆಗ ಇರುವ ಮನೆಯದು ಎಂಬುದು ಹುಡುಗನಿಗೆ ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಆರು ತಿಂಗಳು ಕಳೆದ ಮೇಲೆ, ಡಿಸೆಂಬರದ ರಾತ್ರಿಯಲ್ಲಿ, ಅದೇ ಕೆಂಪು ನಕ್ಷತ್ರವನ್ನು ಅವನು ಅಂಗಳದಲ್ಲಿ ನಿಂತು ತಾಯಿತಂದೆಗಳಿಗೆ ತೋರಿಸಿಕೊಡಬಲ್ಲನು. ಅಜ್ಜನ ಪಂಚಾಂಗವೂ ಭೂಗೋಳದ ಪಾಠವೂ ಒಂದೇ ಪರದೆಯ ಮೇಲೆ ಕೂಡಿದುವು. ಆದರೆ ಆ ಪ್ರಶ್ನೆಯನ್ನು ಎತ್ತಿದ್ದು ಯಂತ್ರವಲ್ಲ.

ಹಕ್ಕಿಗಳ ಮೇಲೆ ಪ್ರೀತಿಯಿರುವ ಉಪಾಧ್ಯಾಯಿನಿಯೊಬ್ಬಳು ಬೆಳಗಿನ ಪ್ರಾರ್ಥನೆಗೆ ಮುಂಚೆ ಮೊಬೈಲಿನಲ್ಲಿ ‘ಮರ್ಲಿನ್’ ಎಂಬ ಆ್ಯಪನ್ನು ತೆರೆದಿಟ್ಟರೆ ಅದು ಕೂಗಿನಿಂದಲೇ ಹಕ್ಕಿಯನ್ನು ಗುರುತಿಸಲು ಯತ್ನಿಸುತ್ತದೆ. ಅದು ಕೊಡುವ ಪಾಶ್ಚಾತ್ಯ ಹೆಸರಿಗೆ ಮಕ್ಕಳು ಮಡಿವಾಳ, ಕೆಂಬೂತ, ಮಿಂಚುಳ್ಳಿ ಎಂದು ತಮ್ಮ ಊರಿನ ಹೆಸರನ್ನು ಜೋಡಿಸಲಿ. ಆ್ಯಪು ತಪ್ಪಿದಲ್ಲಿ ಕಣ್ಣಿನಿಂದ ನೋಡಿ ತಿದ್ದಲಿ. ಯಂತ್ರವನ್ನು ತಿದ್ದಿದ ಮಗುವು ಅದಕ್ಕೆ ದಾಸನಾಗುವುದಿಲ್ಲ. ಭಾಷೆಯ ವಿಷಯಕ್ಕೆ ಬಂದರೆ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ರಚಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಅದರಲ್ಲಿ ಒಂದೂವರೆ ಲಕ್ಷಕ್ಕೆ ಮೇಲ್ಪಟ್ಟು ಶಬ್ದಗಳಿವೆ. ಒಬ್ಬನ ಹವ್ಯಾಸವು ನಾಡಿನ ಉಪಕರಣವಾದ ಬಗೆ ಇದು. ಗಣಿತಕ್ಕೆ ರಂಗೋಲಿಯ ಚುಕ್ಕೆಗಳಿವೆ, ‘ಜಿಯೋಜೀಬ್ರಾ’ ಇದೆ; ಬಲ್ಲವರು ಎರಡನ್ನೂ ಕೂಡಿಸಿಕೊಳ್ಳಬಹುದು.

ಪರದೆಯ ಪೂಜೆಯನ್ನು ನಾವು ಮಾಡುತ್ತಿಲ್ಲ. ‘ಅಸರ್’ ಎಂಬ ಗ್ರಾಮೀಣ ಶಿಕ್ಷಣದ ಸಮೀಕ್ಷೆಯ 2024ರ ವರದಿಯಂತೆ 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡಾ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಲ್ಲವರಲ್ಲಿ ವಿಚಾರಿಸಿದ ಹಿಂದಿನ ವಾರದಲ್ಲಿ ಅದನ್ನು ಕಲಿಕೆಗೆ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇಕಡಾ 76. ಉಪಕರಣಗಳಿಗೆ ಕೊರತೆಯೇ ಇಲ್ಲದ ಸ್ವೀಡನ್ ದೇಶವು 2023ರಲ್ಲಿ ಅಚ್ಚಿನ ಪುಸ್ತಕಗಳಿಗೆಂದು ಕೋಟ್ಯಂತರ ಹಣವನ್ನು ಮತ್ತೆ ತೆಗೆದಿರಿಸಿತು. ಯುನೆಸ್ಕೋ ಸಂಸ್ಥೆಯ ಅದೇ ವರ್ಷದ ವರದಿಯು ಶಿಕ್ಷಣದ ತಂತ್ರಜ್ಞಾನವು ಯಾರ ಷರತ್ತಿನ ಮೇಲೆ ನಡೆಯುತ್ತದೆಂದು ಕೇಳಿತು. ನಮ್ಮ ಉತ್ತರವು ಸ್ಪಷ್ಟ: ತರಗತಿಯಲ್ಲಿ ನಿಂತ ಉಪಾಧ್ಯಾಯನ ಷರತ್ತಿನ ಮೇಲೆ ನಡೆಯಬೇಕು.

ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಹಾಜರಿ, ಬಿಸಿಯೂಟ, ಹಾಲು, ಮೊಟ್ಟೆ, ವಿದ್ಯಾರ್ಥಿಗಳ ವಿವರ, ತರಬೇತಿಯ ಛಾಯಾಚಿತ್ರ—ಎಲ್ಲವೂ ಮೊಬೈಲಿನ ಮೂಲಕವೇ ಮೇಲಕ್ಕೆ ಹೋಗಬೇಕು, ಸಂಜೆಯೊಳಗೆ ಹೋಗಬೇಕು, ಹೋಗದಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೆದುರಿಗೆ ಶಾಲೆಯ ಹೆಸರು ಬರುತ್ತದೆ. ಪಾಠವು ಸಂಜೆಯೊಳಗೆ ಆಯಿತೇ ಎಂದು ಕೇಳುವವರು ಕಡಮೆ. ಹೀಗೆ ಉಪಾಧ್ಯಾಯನ ಅನುಭವದಲ್ಲಿ ಡಿಜಿಟಲ್ ಎಂಬ ಶಬ್ದಕ್ಕೆ ‘ತುಂಬಬೇಕಾದ ನಮೂನೆ’ ಎಂಬ ಅರ್ಥವೇ ಗಟ್ಟಿಯಾಗುತ್ತ ಬಂದಿದೆ. ಆ ಪರದೆಯನ್ನು ಸಂಜೆ ಮತ್ತೆ ಪ್ರೀತಿಯಿಂದ ತೆರೆದು ನಕ್ಷತ್ರ ನೋಡೆಂದರೆ ಅವನಿಗೆ ಮನಸ್ಸು ಬರುವುದು ಹೇಗೆ? 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 27ನೆಯ ಕಲಮು ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ ಎಂಬ ಮೂರನ್ನು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಉಪಾಧ್ಯಾಯರನ್ನು ಹಚ್ಚಬಾರದೆಂದು ಹೇಳುತ್ತದೆ. 2025ರ ಸಮೀಕ್ಷೆಯು ಈ ಮೂರರಲ್ಲಿ ಯಾವುದರೊಳಗೆ ಸೇರುತ್ತದೆಂಬುದನ್ನು ಕಾಯಿದೆ ಬಲ್ಲವರು ಹೇಳಲಿ. 2027ರ ಮಾರ್ಚ್ 1ನ್ನು ಆಧಾರದ ದಿನವಾಗಿಟ್ಟುಕೊಂಡ ಜನಗಣತಿಯೂ ಮೊಬೈಲಿನ ಮೂಲಕವೇ ಎಂದು ಗೊತ್ತಾಗಿದೆ. ಅದಕ್ಕೆ ಕಾಯಿದೆಯ ಒಪ್ಪಿಗೆಯುಂಟು, ನಾವು ಬೇಡವೆನ್ನುವುದಿಲ್ಲ.

ಪಾಠದ ಯೋಜನೆಯನ್ನು ಕ್ಷಣಾರ್ಧದಲ್ಲಿ ಬರೆದುಕೊಡುವ ಕೃತಕ ಬುದ್ಧಿಯ ಸಹಾಯಕವೊಂದನ್ನು ಬೆಂಗಳೂರಿನ ಸುತ್ತಲಿನ ಸರಕಾರಿ ಶಾಲೆಗಳಲ್ಲಿ 2023ರಿಂದೀಚೆಗೆ ಪ್ರಯೋಗಿಸಿ ನೋಡಲಾಗಿದೆ. ಮೈಕ್ರೋಸಾಫ್ಟ್ ಸಂಶೋಧನಾಲಯವೂ ಶಿಕ್ಷಣ ಫೌಂಡೇಶನ್ನೂ ಕೂಡಿ ಮಾಡಿದ ಕೆಲಸವಿದು. ಉಪಾಧ್ಯಾಯರ ಹೊತ್ತು ಉಳಿಯುತ್ತದೆಂಬುದು ಇದರ ಸಮರ್ಥನೆ. ಒಳ್ಳೆಯದೇ. ಆದರೆ ಉಳಿದ ಅರ್ಧ ಗಂಟೆಯು ಯಾರಿಗೆ ಸೇರತಕ್ಕದ್ದು? ಅದು ಇನ್ನೊಂದು ನಮೂನೆಗೆ ಹೋದರೆ ಯಂತ್ರವು ದುಡಿದದ್ದು ಕಚೇರಿಗೋಸ್ಕರವೇ ಹೊರತು ಶಾಲೆಗೋಸ್ಕರವಲ್ಲ.

ಹವ್ಯಾಸವೂ ಇಲ್ಲ, ಓದೂ ಇಲ್ಲ, ಸಂಬಳವೊಂದೇ ಇದೆ ಎಂಬಂಥ ಉಪಾಧ್ಯಾಯರೂ ಇದ್ದಾರೆಂದು ಕೆಲವರು ಆಕ್ಷೇಪಿಸುವರು. ಇದ್ದಾರೆ. ಪಾಠವನ್ನು ಬದಿಗಿಟ್ಟು ತಮ್ಮ ಹವ್ಯಾಸವನ್ನೇ ವರ್ಷವಿಡೀ ಹಾಡುವವರೂ ಇದ್ದಾರೆ. ಅವರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಆಗುವ ನಷ್ಟವು ಸಣ್ಣದಲ್ಲ. ಇವರಿಬ್ಬರನ್ನೂ ಮುಖ್ಯೋಪಾಧ್ಯಾಯರು ನೋಡಿಕೊಳ್ಳಬಲ್ಲರು, ಅವರಿಗೆ ನಮೂನೆಗಳಿಂದ ತಲೆಯೆತ್ತಲು ಪುರಸೊತ್ತು ಇದ್ದರೆ. ನಾವು ಮಾತನಾಡುತ್ತಿರುವುದು ನಡುವೆ ಇರುವ ಬಹುಸಂಖ್ಯಾತರ ಬಗೆಗೆ. ಅವರಲ್ಲಿ ಯಕ್ಷಗಾನ ಕುಣಿಯುವವರಿದ್ದಾರೆ, ಜೇನು ಸಾಕುವವರಿದ್ದಾರೆ, ಶಾಸನ ಓದುವವರಿದ್ದಾರೆ. ಅದನ್ನು ತರಗತಿಯೊಳಗೆ ತರಬಹುದೆಂದು ಅವರಿಗೆ ಯಾವ ಅಧಿಕಾರಿಯೂ ಹೇಳಿದಂತಿಲ್ಲ.

ನಮೂನೆ ತುಂಬುವ ಕೆಲಸಕ್ಕೆ ಪ್ರತಿಯೊಂದು ಕ್ಲಸ್ಟರಿಗೂ ಒಬ್ಬ ಗುಮಾಸ್ತನನ್ನು ಕೊಡುವುದು ರಾಜ್ಯದ ಬೊಕ್ಕಸಕ್ಕೆ ಭಾರವಾಗುವ ಮಾತಲ್ಲ. ಹೊಸ ಪರದೆಗಳ ಖರೀದಿಯನ್ನು ಒಂದು ವರ್ಷ ತಡೆದರೂ ಅಡ್ಡಿಯಿಲ್ಲ. ವಾರಕ್ಕೆ ಒಂದು ಅವಧಿಯನ್ನು ಉಪಾಧ್ಯಾಯರ ಸ್ವಂತ ವಿಷಯಕ್ಕೆ, ವರದಿಯ ಷರತ್ತಿಲ್ಲದೆ, ಬಿಟ್ಟುಕೊಡಬೇಕು. ಅದಕ್ಕೂ ಮೊದಲು ಲೆಕ್ಕವು ಜನರ ಮುಂದೆ ಬರಲಿ. ವಿಧಾನಮಂಡಲದ ಮುಂದಿನ ಅಧಿವೇಶನದಲ್ಲಿ ಸದಸ್ಯರು, ಅವರು ಯಾವ ಪಕ್ಷದವರೇ ಆಗಿರಲಿ, ಶಿಕ್ಷಣ ಮಂತ್ರಿಗಳನ್ನು ಒಂದೇ ಪ್ರಶ್ನೆ ಕೇಳಲಿ: ಕಳೆದ ಶೈಕ್ಷಣಿಕ ವರ್ಷದಲ್ಲಿ ಸರಕಾರಿ ಶಾಲೆಯ ಒಬ್ಬ ಉಪಾಧ್ಯಾಯನು ಪಾಠ ಹೇಳಿದ್ದು ಎಷ್ಟು ಗಂಟೆ, ಮೊಬೈಲಿನಲ್ಲಿ ಇಲಾಖೆಗೆ ವಿವರ ತುಂಬಿದ್ದು ಎಷ್ಟು ಗಂಟೆ? ತಾಲೂಕುವಾರು ಉತ್ತರವನ್ನು ಸಭೆಯ ಮೇಜಿನ ಮೇಲೆ ಇಡಲಿ.