ಮಕ್ಕಳ ಕೈಗೆ ಎಂತಹ ದುರ್ಬೀನು?

ಕನ್ನಡ ಪಂಡಿತನೆನಿಸಿಕೊಂಡವನು ದುರ್ಬೀನಿನ ವಿಚಾರವಾಗಿ ಲೇಖನಿ ಹಿಡಿದರೆ ಕೆಲವರಿಗೆ ನಗು ಬಂದೀತು. ಇದು ವಿಜ್ಞಾನದ ಅಧ್ಯಾಪಕರ ಕ್ಷೇತ್ರವಲ್ಲವೇ ಎಂದು ಕೇಳುವವರೂ ಉಂಟು. ಆದರೆ ನಕ್ಷತ್ರಗಳ ಹೆಸರು ಬರುವ ಪದ್ಯವನ್ನು ಪಾಠ ಹೇಳುವಾಗಲೆಲ್ಲ ನನಗೆ ಒಂದು ಸಂಗತಿ ಎದುರಾಗುತ್ತದೆ. ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ರೋಹಿಣಿ, ಮೃಗಶಿರೆ, ಆರಿದ್ರೆ ಎಂಬ ಹೆಸರುಗಳನ್ನು ಕೇಳದವರಿಲ್ಲ. ಒಕ್ಕಲುತನದ ಮನೆಗಳಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಆ ಹೆಸರುಗಳಿಂದಲೇ ಹಿಡಿಯುತ್ತಾರೆ. ಆದರೆ ಆ ನಕ್ಷತ್ರ ಆಕಾಶದಲ್ಲಿ ಎಲ್ಲಿದೆಯೆಂದು ಬೆರಳು ಚಾಚಿ ತೋರಿಸಬಲ್ಲವರು ಇಬ್ಬರೋ ಮೂವರೋ. ಹೆಸರು ಉಳಿದು ವಸ್ತು ಮರೆಯಾದ ಮೇಲೆ ಭಾಷಾಧ್ಯಾಪಕನಿಗೂ ಅದರಲ್ಲಿ ಒಂದಿಷ್ಟು ಬಾಧ್ಯತೆಯುಂಟು.

ಮೊದಲು ಶಬ್ದದ ಮಾತು. ದೂರದರ್ಶಕವೆಂಬುದು ಪಠ್ಯಪುಸ್ತಕದ ಶಬ್ದ, ದುರ್ಬೀನು ಜನರ ಬಾಯಿನ ಶಬ್ದ. ಎರಡನೆಯದು ಪಾರಸಿಯಿಂದ ಬಂದದ್ದು. ‘ದೂರ್’ ಎಂದರೆ ದೂರ, ‘ಬೀನ್’ ಎಂದರೆ ನೋಡುವುದು. ಪಾರಸಿಯ ದೂರ್ ಮತ್ತು ಸಂಸ್ಕೃತದ ದೂರ ಒಂದೇ ಕುಲದವು. ಆದುದರಿಂದ ಇವೆರಡರಲ್ಲಿ ಯಾವುದನ್ನಾಡಿದರೂ ಅರ್ಥಭೇದವಿಲ್ಲ. ದೂರದರ್ಶನವೆಂದರೆ ಮಾತ್ರ ಅಂಗಡಿಯವನು ಬೇರೊಂದು ಪೆಟ್ಟಿಗೆಯನ್ನು ತೋರಿಸಿಯಾನು!

ಇನ್ನು ವಿಷಯಕ್ಕೆ ಬರೋಣ. ಏಳೆಂಟು ವರ್ಷದ ಮಗು ಚಂದ್ರನನ್ನು ಹತ್ತಿರದಿಂದ ನೋಡಬೇಕೆಂದು ಹಟ ಹಿಡಿಯುತ್ತದೆ. ಸಣ್ಣ ಸಂಬಳವನ್ನೋ ಎರಡೆಕರೆ ಹೊಲವನ್ನೋ ನಂಬಿದ ತಂದೆ ಇಂತಹ ವಸ್ತುವನ್ನು ಒಮ್ಮೆ ಕೊಂಡಾನು. ಎರಡನೆಯ ಸಲ ಕೊಳ್ಳುವುದು ಆಗದ ಮಾತು. ಆ ಒಂದೇ ಅವಕಾಶದಲ್ಲಿ ಮೋಸಹೋದರೆ ಹಾಳಾಗುವುದು ಹಣವಷ್ಟೇ ಅಲ್ಲ. ಮಗು ಕಣ್ಣನ್ನು ಕೊಳವೆಗೆ ಹಚ್ಚುತ್ತದೆ, ಕಾಣುವುದು ನಡುಗುವ ಒಂದು ಮಸುಕು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಶನಿಯ ಬಳೆ ಥಳಥಳಿಸುತ್ತಿದೆ. ತಪ್ಪು ಗಾಜಿನದೆಂದು ಮಗುವಿಗೆ ತಿಳಿಯುವ ಬಗೆ ಹೇಗೆ? ತನಗೇ ನೋಡಲು ಬರುವುದಿಲ್ಲವೆಂದು ಅದು ತೀರ್ಮಾನಿಸುತ್ತದೆ. ಕೆಟ್ಟ ಉಪಕರಣವು ಒಳ್ಳೆಯ ಬಾಲಕನಿಗೆ ತಾನು ದಡ್ಡನೆಂಬ ಪಾಠವನ್ನು ಕಲಿಸುತ್ತದೆ. ನನ್ನ ಆಕ್ಷೇಪಣೆಯ ಮೂಲ ಇರುವುದು ಇಲ್ಲಿಯೇ.

ಮೋಸವು ಬಹುಮಟ್ಟಿಗೆ ಒಂದು ಅಂಕಿಯ ರೂಪದಲ್ಲಿ ಬರುತ್ತದೆ. ಅಗ್ಗದ ದುರ್ಬೀನುಗಳ ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದುಂಟು. ಈ ಅಂಕಿ ಎಲ್ಲಿಂದ ಬಂತು? ಮುಂದಿನ ಮಸೂರದ ಸಂಗಮದೂರವನ್ನು ಕಣ್ಣಿನ ಬದಿಯ ಮಸೂರದ, ಎಂದರೆ ಅಂಗಡಿಯವರು ಐಪೀಸ್ ಎನ್ನುವ ಗಾಜಿನ, ಸಂಗಮದೂರದಿಂದ ಭಾಗಿಸಿದರೆ ವರ್ಧನ ದೊರೆಯುತ್ತದೆ. 700 ಮಿಲಿಮೀಟರನ್ನು 4ರಿಂದ ಭಾಗಿಸಿದರೆ 175. ನಡುವೆ ಮೂರು ಪಟ್ಟಿನ ಬಾರ್ಲೋ ಮಸೂರವನ್ನು ಸಿಕ್ಕಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ, ಸುಳ್ಳಿರುವುದು ನೋಟದಲ್ಲಿ. ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿಗಿಂತ ಹೆಚ್ಚಿನ ವರ್ಧನೆಯಿಂದ ಪ್ರಯೋಜನವಿಲ್ಲವೆಂಬುದು ಬಲ್ಲವರು ಒಪ್ಪಿದ ಸ್ಥೂಲ ನಿಯಮ. 60 ಮಿಲಿಮೀಟರಿನ ಗಾಜಿಗೆ 120 ಪಟ್ಟೇ ಗಡಿ. ಅದರಾಚೆಗೆ ಬಿಂಬ ಹಿಗ್ಗುತ್ತದೆ, ವಿವರ ಹೆಚ್ಚುವುದಿಲ್ಲ; ಹಿಟ್ಟು ಅಷ್ಟೇ ಇದ್ದು ನೀರನ್ನು ಮಾತ್ರ ಸುರಿಯುತ್ತ ಹೋದ ಅಂಬಲಿಯಂತೆ. ಇದಲ್ಲದೆ ಭೂಮಿಯ ಭ್ರಮಣದಿಂದ ಆಕಾಶವು ನಾಲ್ಕು ನಿಮಿಷಕ್ಕೆ ಒಂದು ಅಂಶದಂತೆ ಸರಿಯುತ್ತಿರುತ್ತದೆ. 525 ಪಟ್ಟಿನಲ್ಲಿ ಗ್ರಹವು ಅರ್ಧ ನಿಮಿಷದೊಳಗೆ ನೋಟದ ವೃತ್ತವನ್ನು ದಾಟಿಹೋಗುತ್ತದೆ. ಮಗು ಕಣ್ಣು ಹಚ್ಚುವಷ್ಟರಲ್ಲಿ ಅಲ್ಲಿರುವುದು ಕತ್ತಲೆ.

ಗೆಲಿಲಿಯೋ 1610ರ ಜನವರಿಯಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಿಂದ. ಆತ ಮೊದಲು ದುರ್ಬೀನನ್ನು ಆಕಾಶದತ್ತ ತಿರುಗಿಸಿದುದರ 400ನೆಯ ವರ್ಷದ ನೆನಪಿಗಾಗಿ 2009ನ್ನು ಅಂತಾರಾಷ್ಟ್ರೀಯ ಖಗೋಳ ವರ್ಷವೆಂದು ಆಚರಿಸಿದಾಗ, ಮಕ್ಕಳಿಗೆಂದೇ ‘ಗೆಲಿಲಿಯೋಸ್ಕೋಪ್’ ಎಂಬ ಕಡಿಮೆ ಬೆಲೆಯ ದುರ್ಬೀನನ್ನು ತಜ್ಞರು ರೂಪಿಸಿದರು. ಅದರ ಗಾಜು 50 ಮಿಲಿಮೀಟರು, ಮೂಲ ವರ್ಧನ 25 ಪಟ್ಟು. ಆಕಾಶವನ್ನೇ ಬಾಳುವೆಯಾಗಿ ಮಾಡಿಕೊಂಡವರು ಮಗುವಿಗೆ 25 ಸಾಕೆಂದಿರುವಾಗ, ಆಟಿಕೆ ಮಾರುವವನು 525 ಬೇಕೆನ್ನುತ್ತಾನೆ. ಯಾರ ಮಾತನ್ನು ನಂಬಬೇಕೆಂಬುದನ್ನು ಪಾಲಕರೇ ನಿರ್ಧರಿಸಲಿ.

ಹಾಗಾದರೆ ಅಂಗಡಿಯಲ್ಲಿ ಏನನ್ನು ಕೇಳಬೇಕು? ಮೊದಲ ಪ್ರಶ್ನೆ ಗಾಜಿನ ವ್ಯಾಸದ ಬಗೆಗಿರಲಿ. ಕತ್ತಲೆಗೆ ಹೊಂದಿಕೊಂಡ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರು ಅರಳುತ್ತದೆ. 70 ಮಿಲಿಮೀಟರಿನ ಮಸೂರ ಅದರ ನೂರರಷ್ಟು ಬೆಳಕನ್ನು ಕೂಡಿಸುತ್ತದೆ. ಮನೆಯ ಮಗುವಿಗೆ 70 ಮಿಲಿಮೀಟರು ವ್ಯಾಸ, 700 ಮಿಲಿಮೀಟರು ಸಂಗಮದೂರದ ಮಸೂರದ ದುರ್ಬೀನು ಯೋಗ್ಯವೆಂದು ನನ್ನ ಅಭಿಮತ. ಅದಕ್ಕೆ 25 ಮತ್ತು 10 ಮಿಲಿಮೀಟರಿನ ಎರಡು ಐಪೀಸುಗಳಿದ್ದರೆ 28 ಮತ್ತು 70 ಪಟ್ಟುಗಳು ದೊರೆಯುತ್ತವೆ; ಮೂರನೆಯದು ಬೇಕಾಗಿಲ್ಲ. ಐಪೀಸಿನ ಕೊಳವೆ ಒಂದೂಕಾಲು ಇಂಚಿನದಾಗಿರಲಿ. ಅದಕ್ಕಿಂತ ಸಪೂರವಾದ ಹಳೆಯ ಅಳತೆಯದಾದರೆ ಮುಂದೆ ಒಳ್ಳೆಯ ಗಾಜನ್ನು ಕೊಂಡರೂ ಹೊಂದುವುದಿಲ್ಲ. ಎರಡು ಮೂರು ಸಾವಿರ ರೂಪಾಯಿಯ ಆಟಿಕೆಗಳಿಗೆ ಹೋಲಿಸಿದರೆ ಇದಕ್ಕೆ ಕೆಲವು ಪಟ್ಟು ಹೆಚ್ಚು ತೆರಬೇಕಾಗುತ್ತದೆ, ನಿಜ. ಆದರೆ ಆಟಿಕೆಗೆ ತೆತ್ತ ಹಣವೆಲ್ಲ ವ್ಯರ್ಥವಾಗುವುದರಿಂದ, ಕೈಯಲ್ಲಿ ಅಷ್ಟಿಲ್ಲದಿದ್ದರೆ ಒಂದು ವರ್ಷ ತಡೆದು ಕೊಳ್ಳುವುದು ಲೇಸು.

ಮಸೂರದ ಬದಲು ದರ್ಪಣವುಳ್ಳವು ಸಮಾನ ಬೆಲೆಗೆ ಹೆಚ್ಚಿನ ವ್ಯಾಸವನ್ನು ಕೊಡುತ್ತವೆ. ಆದರೆ ದರ್ಪಣದ ಓರೆಯನ್ನು ಆಗಾಗ ಸರಿಪಡಿಸಬೇಕಾಗುವುದರಿಂದ ತಿಳಿದ ಹಿರಿಯರಿದ್ದ ಮನೆಗೆ ಮಾತ್ರ ಒಪ್ಪುತ್ತವೆ. ಇವುಗಳಲ್ಲಿ ಒಂದು ಜಾತಿಯನ್ನು ಕುರಿತು ಎಚ್ಚರಿಕೆ: ಕೊಳವೆಯ ಉದ್ದ ಅರ್ಧ ಮೀಟರು, ಸಂಗಮದೂರ ಮಾತ್ರ ಒಂದು ಮೀಟರು ಎಂದು ಬರೆದಿದ್ದರೆ, ಒಳಗೆ ಇನ್ನೊಂದು ಅಗ್ಗದ ಮಸೂರವನ್ನು ಅಡಗಿಸಿಟ್ಟಿದ್ದಾರೆಂದು ತಿಳಿದು ಬಿಟ್ಟುಬಿಡತಕ್ಕದ್ದು.

ಗಾಜಿನಷ್ಟೇ ಮುಖ್ಯವಾದದ್ದು, ನನ್ನ ಮಟ್ಟಿಗೆ ಹೇಳುವುದಾದರೆ ಗಾಜಿಗಿಂತಲೂ ಮುಖ್ಯವಾದದ್ದು, ದುರ್ಬೀನು ನಿಲ್ಲುವ ಪೀಠ. ಎಲ್ಲರೂ ಕೊಳವೆಯನ್ನು ನೋಡಿ ಕೊಳ್ಳುತ್ತಾರೆ, ಕಾಲನ್ನು ನೋಡುವವರಿಲ್ಲ. ನೋಟವು 70 ಪಟ್ಟು ಹಿಗ್ಗಿದರೆ ನಡುಕವೂ 70 ಪಟ್ಟು ಹಿಗ್ಗುತ್ತದೆ. ಅಂಗಡಿಯಲ್ಲಿಯೇ ಕೊಳವೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿ ನೋಡಿರಿ. ಎರಡು ಮೂರು ಕ್ಷಣಗಳಲ್ಲಿ ಅಲುಗಾಟ ನಿಂತರೆ ಸರಿ, ನಿಲ್ಲದಿದ್ದರೆ ಕೈಮುಗಿದು ಹಿಂದಿರುಗಿರಿ. ಭ್ರಮಣಾಕ್ಷಕ್ಕೆ ಓರೆಯಾಗಿ ಹೊಂದಿಸಬೇಕಾದ, ಭಾರದ ಗುಂಡುಗಳನ್ನು ತೂಗಬಿಟ್ಟ ಪೀಠಗಳು ನೋಡಲು ಗಂಭೀರವಾಗಿರುತ್ತವೆ. ಮಗುವಿಗೆ ಅವು ಬೇಡ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿದರೆ ಸಾಕು.

ಈ ಸರಳ ಪೀಠದ ಮಾತು ಬಂದಾಗ ಜಾನ್ ಡಾಬ್ಸನ್ ಎಂಬಾತನನ್ನು ನೆನೆಯದಿರಲಾಗದು. 1915ರಲ್ಲಿ ಚೀನದ ಬೀಜಿಂಗಿನಲ್ಲಿ ಹುಟ್ಟಿದ ಈತ 1944ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ರಾಮಕೃಷ್ಣ ಸಂಪ್ರದಾಯದ ವೇದಾಂತ ಮಠವನ್ನು ಸೇರಿ ಸನ್ಯಾಸಿಯಾದ. ಕೈಯಲ್ಲಿ ಹಣವಿಲ್ಲ. ಹಡಗಿನ ಕಿಟಕಿಯ ದಪ್ಪ ಗಾಜನ್ನು ತಾನೇ ಉಜ್ಜಿ ದರ್ಪಣ ಮಾಡಿದ. ರಟ್ಟಿನ ಕೊಳವೆ, ಮರದ ತುಂಡುಗಳಿಂದ ಪೀಠ ಕಟ್ಟಿದ. ಅವನ್ನು ಬೀದಿಗೆ ಉರುಳಿಸಿಕೊಂಡು ಹೋಗಿ ಕಂಡ ಕಂಡವರಿಗೆಲ್ಲ ಆಕಾಶವನ್ನು ತೋರಿಸಿದ. ಈ ಗೀಳು ಮಠದ ನಿಯಮಕ್ಕೆ ಹೊಂದದೆ 1967ರಲ್ಲಿ ಅಲ್ಲಿಂದ ಹೊರಬೀಳಬೇಕಾಯಿತು. ಎರಡು ಕಡೆಯ ನ್ಯಾಯವನ್ನು ವಿಚಾರಿಸುವ ಸ್ಥಳ ಇದಲ್ಲ. ಹೊರಬಂದ ಮೇಲೆ ಸಂಗಡಿಗರನ್ನು ಕೂಡಿಕೊಂಡು ಕಾಲುದಾರಿಯ ಖಗೋಳ ವೀಕ್ಷಕರ ಸಂಘವನ್ನು ಕಟ್ಟಿ, 2014ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾಯಕದಲ್ಲಿದ್ದ. ಅವನ ಪೀಠವನ್ನು ಜಗತ್ತಿನಾದ್ಯಂತ ಇಂದು ‘ಡಾಬ್ಸೋನಿಯನ್’ ಎಂದು ಕರೆಯುತ್ತಾರೆ. ಅದಕ್ಕಾಗಿ ಆತ ಹಕ್ಕುಪತ್ರವನ್ನು ಪಡೆಯಲಿಲ್ಲ. ಮೇಜಿನ ಮೇಲಿಡುವ ಚಿಕ್ಕ ಡಾಬ್ಸೋನಿಯನ್‌ಗಳು ಈಗ ದೊರೆಯುತ್ತವೆ. ಭದ್ರವಾದ ಸ್ಟೂಲಿನ ಮೇಲಿಟ್ಟರೆ ಆರು ವರ್ಷದ ಮಗುವೂ ತಿರುಗಿಸಬಲ್ಲದು.

ಅದಕ್ಕಿಂತ ಚಿಕ್ಕ ಮಕ್ಕಳಿಗೆ ದುರ್ಬೀನೇ ಬೇಡವೆಂದರೆ ಕೆಲವರಿಗೆ ಬೇಸರವಾದೀತು. ಆ ವಯಸ್ಸಿನವರಿಗೆ ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ ನೋಡುವುದೇ ಸಾಹಸ. ಅವರಿಗೆ ಹಗುರಾದ ಬೈನಾಕ್ಯುಲರ್ ಮೇಲು, ಅದರ ಎರಡು ಕೊಳವೆಗಳು ಮಗುವಿನ ಕಣ್ಣಿನ ಅಂತರಕ್ಕೆ ಹೊಂದುವಷ್ಟು ಹತ್ತಿರ ಬಂದರೆ. ಏಳು ಪಟ್ಟಿನ ಬೈನಾಕ್ಯುಲರಿನಲ್ಲಿ ಕೃತ್ತಿಕೆಯನ್ನು ನೋಡಿದಾಗ ಆರೇಳು ಚುಕ್ಕಿಗಳು ಹತ್ತಾರಾಗುತ್ತವೆ. ಹಗಲಿನಲ್ಲಿ ಹಕ್ಕಿಗಳನ್ನು ನೋಡುವುದಕ್ಕೂ ಬರುತ್ತದೆ.

ಹಗಲಿನ ಮಾತು ಬಂದದ್ದರಿಂದ ಒಂದು ವಿಷಯವನ್ನು ಖಂಡಿತವಾಗಿ ಹೇಳಬೇಕಾಗಿದೆ. ದುರ್ಬೀನಿನಿಂದಾಗಲಿ ಬೈನಾಕ್ಯುಲರಿನಿಂದಾಗಲಿ ದುರ್ಬೀನಿನ ಮೇಲಿರುವ ಗುರಿನಳಿಗೆಯಿಂದಾಗಲಿ ಸೂರ್ಯನನ್ನು ನೋಡಿದರೆ ಕ್ಷಣಾರ್ಧದಲ್ಲಿ ಕಣ್ಣು ಹೋಗುತ್ತದೆ, ಹೋದದ್ದು ಹಿಂದಿರುಗದು. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಪುವ ಒಂದು ಕರಿಯ ಗಾಜನ್ನಿಟ್ಟು ಸೂರ್ಯನಿಗೆಂದು ಬರೆದಿರುತ್ತಾರೆ. ಕೇಂದ್ರೀಕೃತವಾದ ಬಿಸಿಲಿಗೆ ಅದು ಬಿರಿಯಬಲ್ಲದು. ಪೆಟ್ಟಿಗೆ ತೆರೆದ ದಿನವೇ ಅದನ್ನು ಒಡೆದು ಹಾಕಿರಿ. 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣದ ನೆರಳು ಅಂಕೋಲ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದಾಗ ನಾನು ಪ್ರಾಥಮಿಕ ಶಾಲೆಯ ಬಾಲಕ. ನಮ್ಮ ಓಣಿಯ ಕದಗಳೆಲ್ಲ ಮುಚ್ಚಿದ್ದವು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆಗೆ ಕಂಕಣ ಗ್ರಹಣವಾದಾಗ ಜನ ತಕ್ಕ ಕನ್ನಡಕಗಳನ್ನು ಹಿಡಿದು ಮೈದಾನಗಳಿಗೆ ಬಂದರು. ಹಳೆಯ ಅಂಜಿಕೆ ಸಡಿಲವಾದುದು ಸಂತೋಷದ ಸಂಗತಿ. ಆ ಅಂಜಿಕೆಯ ಜೊತೆಗೆ ಎಚ್ಚರವೂ ಹೋಗಬಾರದು. ಹಗಲಿನಲ್ಲಿ ದುರ್ಬೀನು ಮಕ್ಕಳ ಕೈಗೆ ಸಿಕ್ಕದಂತೆ ಕಪಾಟಿನಲ್ಲಿ ಬೀಗದೊಳಗಿರಲಿ. ಅದರ ಗಾಜನ್ನು ಧೋತರದ ಚುಂಗಿನಿಂದ ಒರೆಸುವ ನಮ್ಮ ಹಿರಿಯರ ಉತ್ಸಾಹಕ್ಕೂ ಅದೇ ಬೀಗ ತಡೆಯಾದೀತು.

ಏನನ್ನು ತೋರಿಸಬೇಕು? ಚಂದ್ರನನ್ನು ಹುಣ್ಣಿಮೆಯ ದಿನ ತೋರಿಸುವುದು ಎಲ್ಲರ ರೂಢಿ, ಅದೇ ಎಲ್ಲಕ್ಕಿಂತ ಸಪ್ಪೆಯಾದ ದಿನ. ಅಂದು ಬಿಸಿಲು ಅಲ್ಲಿ ನೇರವಾಗಿ ಬೀಳುವುದರಿಂದ ನೆರಳುಗಳಿಲ್ಲ, ಕುಳಿಗಳು ಕಾಣುವುದಿಲ್ಲ. ಪಂಚಾಂಗ ತೆರೆದು ಶುಕ್ಲಪಕ್ಷದ ಪಂಚಮಿಯಿಂದ ದಶಮಿಯೊಳಗಿನ ಸಂಜೆಯೊಂದನ್ನು ಆರಿಸಿಕೊಳ್ಳಿರಿ. ಬೆಳಕು ಕತ್ತಲೆ ಕೂಡುವ ಅಂಚಿನಲ್ಲಿ ಬೆಟ್ಟಗಳೂ ಕುಳಿಗಳೂ ಕೆತ್ತಿದಂತೆ ಎದ್ದು ನಿಲ್ಲುತ್ತವೆ. ನಾವು ಬೆಳ್ಳಿಯೆನ್ನುವ ಶುಕ್ರನು ಕೆಲವು ತಿಂಗಳುಗಳಲ್ಲಿ ಚಂದ್ರನಂತೆಯೇ ಬಿದಿಗೆಯ ಕುಡುಗೋಲಾಗಿರುವುದನ್ನು ಕಂಡರೆ ದೊಡ್ಡವರೂ ನಂಬುವುದಿಲ್ಲ. ಸಪ್ತರ್ಷಿಮಂಡಲದ ವಸಿಷ್ಠನನ್ನೂ ಅರುಂಧತಿಯನ್ನೂ ಮದುವೆಯ ಹೊತ್ತಿನಲ್ಲಿ ತೋರಿಸುವ ಪದ್ಧತಿಯುಂಟಷ್ಟೆ. 70 ಪಟ್ಟಿನಲ್ಲಿ ನೋಡಿದರೆ ವಸಿಷ್ಠನೇ ಎರಡು ನಕ್ಷತ್ರಗಳಾಗಿ ಬೇರ್ಪಡುತ್ತಾನೆ. ಶನಿಯ ಬಳೆ 2025ರ ಮಾರ್ಚಿಯಲ್ಲಿ ನಮ್ಮ ಕಡೆಗೆ ಅಂಚನ್ನು ತಿರುಗಿಸಿತ್ತು. ಅಲ್ಲಿಂದ ಮುಂದೆ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತ ಹೋಗಿ 2032ರ ಹೊತ್ತಿಗೆ ಅತ್ಯಂತ ವಿಶಾಲವಾಗಿ ಕಾಣುತ್ತದೆ. ಇಂದು ಎರಡನೆಯ ಇಯತ್ತೆಯಲ್ಲಿರುವ ಮಗು ಹೈಸ್ಕೂಲು ಮುಗಿಸುವುದರೊಳಗೆ ಅದು ಹೇಗೆ ಅರಳಿತೆಂಬುದನ್ನು ತಾನೇ ಚಿತ್ರ ಬರೆದಿಟ್ಟುಕೊಳ್ಳಬಹುದು.

ಅಂಗೈಯೊಳಗಿನ ಫೋನಿನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ವರ್ಣಚಿತ್ರಗಳೇ ಬರುತ್ತಿರುವಾಗ ಈ ಬಟಾಣಿ ಕಾಳಿನಷ್ಟು ಶನಿಯೇಕೆ ಎಂದು ಒಬ್ಬ ಪಾಲಕರು ನನ್ನನ್ನು ಕೇಳಿದ್ದುಂಟು. ಜಾತ್ರೆಯ ಫೋಟೋ ನೋಡಿದವನು ಜಾತ್ರೆಗೆ ಹೋದಂತಾಯಿತೇ ಎಂದಷ್ಟೇ ಅವರಿಗೆ ಉತ್ತರ ಕೊಟ್ಟೆ. ಆದರೆ ಪೆಟ್ಟಿಗೆಯ ಚಿತ್ರದ ಬಣ್ಣಗಳು ಕಣ್ಣಿಗೆ ಕಾಣುವುದಿಲ್ಲವೆಂಬುದನ್ನು ಮಗುವಿಗೆ ಮೊದಲೇ ತಿಳಿಸಿರಬೇಕು. ಸಾಧ್ಯವಿದ್ದವರು ಕೊಳ್ಳುವ ಮೊದಲು ಬೆಂಗಳೂರಿನ ನೆಹರು ತಾರಾಲಯದಂತಹ ಸಂಸ್ಥೆಗಳೋ ಹವ್ಯಾಸಿ ಸಂಘಗಳೋ ಏರ್ಪಡಿಸುವ ಆಕಾಶವೀಕ್ಷಣೆಗೆ ಒಮ್ಮೆ ಹೋಗಿ, ನಿಜವಾಗಿ ಏನು ಕಾಣುತ್ತದೆಂಬುದನ್ನು ತಾವೇ ನೋಡಿ ಬರಲಿ.

ಎಷ್ಟು ಹೇಳಿದರೂ, ನಮ್ಮ ಪ್ರಸಾದನಿಲಯದ ಬಹುಪಾಲು ಮಕ್ಕಳ ತಂದೆತಾಯಿಗಳಿಗೆ ಒಳ್ಳೆಯ ದುರ್ಬೀನು ಕೊಳ್ಳುವುದು ಆಗದ ಕೆಲಸ. ಅವರಿಗೆ ಅಗ್ಗದ್ದನ್ನು ಸೂಚಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಹತ್ತು ಮನೆಗಳು ಹತ್ತು ಆಟಿಕೆಗಳಿಗೆ ಸುರಿಯುವ ಹಣದಲ್ಲಿ ಶಾಲೆಗೆ 150 ಮಿಲಿಮೀಟರಿನ ಒಂದು ಡಾಬ್ಸೋನಿಯನ್ ಬಂದೀತು. ಅದರ ಬೆಳಕು 60 ಮಿಲಿಮೀಟರಿನದಕ್ಕಿಂತ ಆರು ಪಟ್ಟಿಗೂ ಮಿಗಿಲು. ಪ್ರಸಾದನಿಲಯದ ಮಾಳಿಗೆಯಲ್ಲಿ ದೀಪಗಳನ್ನು ಆರಿಸಿದರೆ ಸಾಕಷ್ಟು ಕತ್ತಲೆಯಿದೆ. ಆಡಳಿತ ಮಂಡಳಿಯವರು ಈ ವರ್ಷದ ಅಂದಾಜು ಪತ್ರಿಕೆಯಲ್ಲಿ ಇದಕ್ಕೆ ಅವಕಾಶ ಮಾಡಿಕೊಡುವುದಾದರೆ, ಶುಕ್ಲಪಕ್ಷದ ಸಂಜೆಗಳಲ್ಲಿ ಮಕ್ಕಳ ಸಾಲನ್ನು ನಿಲ್ಲಿಸಿಕೊಂಡು ಕಾಯುವ ಕೆಲಸವನ್ನು ವಿಜ್ಞಾನದ ಅಧ್ಯಾಪಕರೊಡನೆ ನಾನೂ ಹಂಚಿಕೊಳ್ಳುತ್ತೇನೆ. ಕಪಾಟಿನ ಬೀಗದ ಕೈ ಗ್ರಂಥಾಲಯದಲ್ಲಿರಲಿ.